ಗ್ಲಾಕ್ ಮೇಲೋ, 1911 ಮೇಲೋ? ಪಿಸ್ತೂಲು ಬ್ರ್ಯಾಂಡ್‌ಗಳ ತಮಾಷೆ ಜಗಳದಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಕೆಲವು ತಿಂಗಳ ಹಿಂದೆ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫಾರ್ವರ್ಡ್ ಬಂತು. ಕಪ್ಪು ಬಣ್ಣದ ಪಿಸ್ತೂಲಿನ ಚಿತ್ರ, ಅದರ ಕೆಳಗೆ ಎರಡು ಸಾಲು. ಈ ಪಿಸ್ತೂಲು ಪೂರ್ತಿ ಪ್ಲಾಸ್ಟಿಕ್‌ನದು, ವಿಮಾನ ನಿಲ್ದಾಣದ ಸ್ಕ್ಯಾನರ್‌ಗೂ ಸಿಗುವುದಿಲ್ಲ, ಎಲ್ಲರಿಗೂ ಕಳುಹಿಸಿ ಎಂದಿತ್ತು. ಅಮೆರಿಕದಲ್ಲಿರುವ ಸಂಬಂಧಿಯೊಬ್ಬರು ಅದಕ್ಕೆ ನಗುವ ಇಮೋಜಿ ಹಾಕಿ, "ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ದಿನವೂ ಇದೇ ಪಿಸ್ತೂಲಿನ ಮೇಲೆ ಜಗಳ" ಎಂದು ಬರೆದರು.

ಫಾರ್ವರ್ಡ್ ಸುಳ್ಳು. ಆದರೆ ಆ ಜಗಳ ನಿಜ. ನಮ್ಮಲ್ಲಿ ಫೋನ್ ಕಂಪನಿಗಳ ಬಗ್ಗೆ, ಬೈಕ್‌ಗಳ ಬಗ್ಗೆ ನಡೆಯುವ ಹಾಗೆಯೇ ಅಮೆರಿಕದ ಬಂದೂಕು ಮಾಲೀಕರ ನಡುವೆ ಪಿಸ್ತೂಲು ಬ್ರ್ಯಾಂಡ್‌ಗಳ ಬಗ್ಗೆ ಹಳೆಯದೊಂದು ಕಿತ್ತಾಟವಿದೆ. ಬಹುಪಾಲು ಅದು ಬರೀ ತಮಾಷೆ. ಆದರೆ ಆ ತಮಾಷೆಯ ಮಾತುಗಳೇ ಕೈಯಿಂದ ಕೈಗೆ ದಾಟಿ ನಮ್ಮ ಫೋನಿಗೆ ಬರುವಾಗ "ಮಾಹಿತಿ"ಯ ವೇಷ ತೊಟ್ಟಿರುತ್ತವೆ. ಅವುಗಳಲ್ಲಿ ಪದೇ ಪದೇ ಕೇಳಿಬರುವ ನಾಲ್ಕನ್ನು ಇಲ್ಲಿ ಪರಿಶೀಲಿಸೋಣ. ಜನ ಒಂದು ಬ್ರ್ಯಾಂಡಿಗೆ ಇಷ್ಟು ಅಂಟಿಕೊಳ್ಳುವುದು ಏಕೆ ಎಂಬುದನ್ನೂ ನೋಡೋಣ.

ಜಗಳವಾಡುವವರು ಯಾರು?

ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಅಮೆರಿಕದ ವಯಸ್ಕರಲ್ಲಿ ಶೇ 32ರಷ್ಟು ಮಂದಿ ತಮ್ಮ ಬಳಿ ಬಂದೂಕು ಇದೆ ಎನ್ನುತ್ತಾರೆ. ಅವರಲ್ಲಿ ಶೇ 72ರಷ್ಟು ಮಂದಿಗೆ ಆತ್ಮರಕ್ಷಣೆಯೇ ಮುಖ್ಯ ಕಾರಣ. ಇಷ್ಟು ದೊಡ್ಡ ಮಾರುಕಟ್ಟೆಯಲ್ಲಿ ಕೋಲ್ಟ್, ಸ್ಮಿತ್ ಆ್ಯಂಡ್ ವೆಸನ್, ಗ್ಲಾಕ್, ಸಿಗ್ ಸಾವರ್, ಬೆರೆಟ್ಟಾ ಹೀಗೆ ಹತ್ತಾರು ಕಂಪನಿಗಳಿವೆ, ಪ್ರತಿಯೊಂದಕ್ಕೂ ಅಭಿಮಾನಿಗಳಿದ್ದಾರೆ.

ಈ ಪೈಪೋಟಿ ಇಂದಿನದಲ್ಲ. ರಿವಾಲ್ವರ್ ಕಾಲದಲ್ಲೇ ಕೋಲ್ಟ್ ಮತ್ತು ಸ್ಮಿತ್ ಆ್ಯಂಡ್ ವೆಸನ್ ಎಂಬ ಎರಡು ಪಂಗಡಗಳಿದ್ದವು. ಸ್ಯಾಮ್ಯುಯಲ್ ಕೋಲ್ಟ್ 1836ರಲ್ಲಿ ಅಮೆರಿಕದ ಪೇಟೆಂಟ್ ಪಡೆದು ರಿವಾಲ್ವರ್ ಮಾರುಕಟ್ಟೆಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಂಡಿದ್ದ. ಆ ಪೇಟೆಂಟ್ ಮುಗಿದ 1857ರಲ್ಲೇ ಸ್ಮಿತ್ ಆ್ಯಂಡ್ ವೆಸನ್ ಲೋಹದ ತೋಟಾ ಹಾಕುವ ಹೊಸ ರಿವಾಲ್ವರ್ ತಂದಿತು.

ಈಗಿನ ಕಾಲದ ದೊಡ್ಡ ಜಗಳ ಮಾತ್ರ ಎರಡು ಹೆಸರುಗಳ ಸುತ್ತ ಸುತ್ತುತ್ತದೆ: 1911 ಮತ್ತು ಗ್ಲಾಕ್.

1911 ಎಂಬುದು ಪಿಸ್ತೂಲಿನ ಮಾದರಿಯ ಹೆಸರು. ವಿನ್ಯಾಸ ಜಾನ್ ಮೋಸೆಸ್ ಬ್ರೌನಿಂಗ್‌ನದು, ಮೊದಲು ತಯಾರಿಸಿದ್ದು ಕೋಲ್ಟ್. ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡದ್ದರಿಂದ ಅದೇ ಹೆಸರು ನಿಂತಿತು. ಪೂರ್ತಿ ಉಕ್ಕಿನದು, ಖಾಲಿ ಇದ್ದಾಗಲೂ ತೂಕ ಸುಮಾರು 1.1 ಕಿಲೋ, ಮ್ಯಾಗಜೀನ್‌ನಲ್ಲಿ 7 ಗುಂಡು. ಗುಂಡಿನ ಅಳತೆ .45, ಅಂದರೆ ಒಂದು ಇಂಚಿನ ನೂರರಲ್ಲಿ 45 ಭಾಗ, ಸುಮಾರು 11.5 ಮಿಲಿಮೀಟರ್ ಅಗಲ.

ಗ್ಲಾಕ್ ಆಸ್ಟ್ರಿಯಾದ್ದು. ಗ್ಯಾಸ್ಟನ್ ಗ್ಲಾಕ್ ಎಂಬಾತ ಪರದೆಯ ಸರಳು, ಚಾಕುಗಳಂಥ ವಸ್ತುಗಳನ್ನು ತಯಾರಿಸುತ್ತಿದ್ದ ಉದ್ಯಮಿ. ಆಸ್ಟ್ರಿಯಾದ ಸೇನೆಗೆ ಹೊಸ ಪಿಸ್ತೂಲು ಬೇಕಿದೆ ಎಂದು ತಿಳಿದಾಗ ಆತ ಅದುವರೆಗೆ ಒಂದು ಪಿಸ್ತೂಲನ್ನೂ ಮಾಡಿರಲಿಲ್ಲ. 1982ರಲ್ಲಿ ಸೇನೆ ಅವನ ಪಿಸ್ತೂಲನ್ನೇ ಆರಿಸಿತು. ಹಿಡಿಕೆ ಮತ್ತು ಚೌಕಟ್ಟು ಪಾಲಿಮರ್, ಅಂದರೆ ಗಟ್ಟಿ ಪ್ಲಾಸ್ಟಿಕ್. ಖಾಲಿ ತೂಕ ಸುಮಾರು 630 ಗ್ರಾಂ, 9 ಮಿಲಿಮೀಟರ್‌ನ 17 ಗುಂಡು. ಹೆಸರು ಗ್ಲಾಕ್ 17. ಗುಂಡಿನ ಸಂಖ್ಯೆಯಿಂದ ಆ ಹೆಸರು ಬಂತು ಎಂದು ಹಲವರು ತಿಳಿದಿದ್ದಾರೆ. ಅಸಲಿಗೆ ಅದು ಆತನ 17ನೇ ಪೇಟೆಂಟ್ ಆಗಿತ್ತು.

1911ರ ಅಭಿಮಾನಿಗಳು ಗ್ಲಾಕನ್ನು ಪ್ಲಾಸ್ಟಿಕ್ ಊಟದ ಡಬ್ಬಿ ಎಂದು ಅಣಕಿಸುತ್ತಾರೆ. ಗ್ಲಾಕ್‌ನವರು 1911 ಅನ್ನು ತಾತನ ಕಾಲದ ಸಾಮಾನು ಎನ್ನುತ್ತಾರೆ. "ನಮ್ಮದು ಎರಡು ಮಹಾಯುದ್ಧ ಕಂಡಿದೆ" ಎಂದು ಇವರು ಹೇಳಿದರೆ, "ಹಾಗಾದರೆ ಇನ್ನು ವಿಶ್ರಾಂತಿ ಕೊಡಿ" ಎಂದು ಅವರು. ಎರಡೂ ಪಕ್ಷದವರು ಸೇರಿ ನಗುವುದು ಹೈ-ಪಾಯಿಂಟ್ ಎಂಬ ಅಗ್ಗದ, ದಪ್ಪನೆಯ ಪಿಸ್ತೂಲನ್ನು ನೋಡಿ. 2019ರಲ್ಲಿ ಆ ಕಂಪನಿ ಹೊಸ ಮಾದರಿಗೆ ಹೆಸರು ಸೂಚಿಸಿ ಎಂದು ಜನರನ್ನೇ ಕೇಳಿತು. ಜನ ಓಟು ಹಾಕಿ ಗೆಲ್ಲಿಸಿದ್ದು "ಯೀಟ್ ಕ್ಯಾನನ್", ಅಂದರೆ ಸುಮಾರಾಗಿ "ಬಿಸಾಡುವ ಫಿರಂಗಿ" ಎಂಬ ಹೆಸರನ್ನು. ಕಂಪನಿ ಮೊದಲು ಹಿಂಜರಿದು, ಕೊನೆಗೆ ತಾನೂ ನಕ್ಕು ಒಪ್ಪಿಕೊಂಡಿತು.

ಇಲ್ಲಿಯವರೆಗೆ ಎಲ್ಲವೂ ತಮಾಷೆಯೇ. ಈಗ ಫಾರ್ವರ್ಡ್‌ಗಳಿಗೆ ಬರೋಣ.

ಮಾತು 1: "ಗ್ಲಾಕ್ ಪ್ಲಾಸ್ಟಿಕ್ ಪಿಸ್ತೂಲು, ಸ್ಕ್ಯಾನರ್‌ಗೆ ಕಾಣುವುದಿಲ್ಲ"

ಸುಳ್ಳು. ಗ್ಲಾಕ್‌ನ ನಳಿಗೆ, ಮೇಲೆ ಜಾರುವ ದೊಡ್ಡ ಭಾಗವಾದ ಸ್ಲೈಡ್, ಸ್ಪ್ರಿಂಗ್‌ಗಳು, ಎಲ್ಲವೂ ಲೋಹದ್ದು. ಒಟ್ಟು ತೂಕದ ಬಹುಭಾಗ ಉಕ್ಕೇ. ಲೋಹಶೋಧಕ ಸದ್ದು ಮಾಡುತ್ತದೆ, ಎಕ್ಸ್-ರೇ ಪರದೆಯ ಮೇಲೆ ಪಿಸ್ತೂಲಿನ ಆಕಾರ ಸ್ಪಷ್ಟವಾಗಿ ಕಾಣುತ್ತದೆ. ಅದರ ತೋಟಾಗಳೂ ಹಿತ್ತಾಳೆ ಮತ್ತು ಸೀಸದವು.

ಹಾಗಾದರೆ ಈ ಮಾತು ಬಂದದ್ದೆಲ್ಲಿಂದ? ಗ್ಲಾಕ್ ಅಮೆರಿಕಕ್ಕೆ ಕಾಲಿಟ್ಟ ಹೊಸತರಲ್ಲಿ, 1986ರ ಸುಮಾರಿಗೆ, ಭಯೋತ್ಪಾದಕರು ಈ ಪ್ಲಾಸ್ಟಿಕ್ ಪಿಸ್ತೂಲನ್ನು ವಿಮಾನದೊಳಗೆ ಒಯ್ಯಬಹುದು ಎಂಬ ಆತಂಕದ ಬರಹಗಳು ಪತ್ರಿಕೆಗಳಲ್ಲಿ ಬಂದವು. ವಿಷಯ ಅಮೆರಿಕದ ಸಂಸತ್ತಿನವರೆಗೆ ಹೋಯಿತು. ಪತ್ತೆಯಾಗದ ಬಂದೂಕುಗಳನ್ನು ನಿಷೇಧಿಸುವ ಕಾನೂನು 1988ರಲ್ಲಿ ಜಾರಿಯಾಯಿತು. ಗ್ಲಾಕ್‌ಗೆ ಅದರಿಂದ ಏನೂ ಆಗಲಿಲ್ಲ. ಕಾನೂನು ಬಯಸುವುದಕ್ಕಿಂತ ಎಷ್ಟೋ ಹೆಚ್ಚು ಲೋಹ ಅದರಲ್ಲಿ ಮೊದಲೇ ಇತ್ತು.

1990ರಲ್ಲಿ "ಡೈ ಹಾರ್ಡ್ 2" ಸಿನಿಮಾ ಬಂತು. ಅದರಲ್ಲಿ ನಾಯಕ "ಗ್ಲಾಕ್ 7" ಎಂಬ ಪಿಸ್ತೂಲಿನ ಬಗ್ಗೆ ಹೇಳುತ್ತಾನೆ: ಪಿಂಗಾಣಿಯದು, ಜರ್ಮನಿಯದು, ವಿಮಾನ ನಿಲ್ದಾಣದ ಎಕ್ಸ್-ರೇಗೆ ಕಾಣದು. ಅಂಥ ಮಾದರಿಯೇ ಇಲ್ಲ. ಗ್ಲಾಕ್ ಜರ್ಮನಿಯದಲ್ಲ, ಪಿಂಗಾಣಿಯದೂ ಅಲ್ಲ. ಒಂದೇ ಮಾತಿನಲ್ಲಿ ಇಷ್ಟು ತಪ್ಪುಗಳಿದ್ದರೂ ಜನರ ನೆನಪಿನಲ್ಲಿ ಉಳಿದದ್ದು ಅದೇ.

2023ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 6,737 ಬಂದೂಕುಗಳು ಸಿಕ್ಕಿಬಿದ್ದವು. ಅವುಗಳಲ್ಲಿ ಹೆಚ್ಚಿನವಕ್ಕೆ ಗುಂಡು ತುಂಬಿತ್ತು. ಹೌದು, 3ಡಿ ಪ್ರಿಂಟರ್‌ನಲ್ಲಿ ಮಾಡಿದ ಪ್ಲಾಸ್ಟಿಕ್ ಬಂದೂಕುಗಳ ಬಗ್ಗೆ 2013ರಿಂದ ನಿಜವಾದ ಕಳವಳವಿದೆ. ಆದರೆ ಅದು ಬೇರೆ ವಿಷಯ, ಆ ಫಾರ್ವರ್ಡ್‌ನ ಚಿತ್ರದಲ್ಲಿರುವ ಪಿಸ್ತೂಲಿಗೂ ಅದಕ್ಕೂ ಸಂಬಂಧವಿಲ್ಲ.

ಮಾತು 2: ".45 ಗುಂಡು ತಗುಲಿದರೆ ಮನುಷ್ಯ ಹಿಂದಕ್ಕೆ ಹಾರಿ ಬೀಳುತ್ತಾನೆ"

ಇದೂ ಸುಳ್ಳು, ಇದನ್ನು ಪಿಯುಸಿ ಭೌತಶಾಸ್ತ್ರದಿಂದಲೇ ತೋರಿಸಬಹುದು.

.45 ಗುಂಡಿನ ತೂಕ ಸಾಮಾನ್ಯವಾಗಿ 15 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 255 ಮೀಟರ್. ತೂಕವನ್ನು ವೇಗದಿಂದ ಗುಣಿಸಿದರೆ ಸಿಗುವ ಸಂವೇಗ 3.8ರ ಆಸುಪಾಸು. ಈಗ 160 ಗ್ರಾಂ ತೂಕದ ಕ್ರಿಕೆಟ್ ಚೆಂಡು ಗಂಟೆಗೆ 130 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ. ಅದರ ಸಂವೇಗ 5.8ರ ಹತ್ತಿರ. ಅಂದರೆ ವೇಗದ ಬೌಲರ್ ಎಸೆದ ಚೆಂಡಿನ "ತಳ್ಳುವ ಶಕ್ತಿ" .45 ಗುಂಡಿಗಿಂತ ಹೆಚ್ಚು. ಎದೆಗೆ ಚೆಂಡು ತಗುಲಿದ ಬ್ಯಾಟ್ಸ್‌ಮನ್ ಹಾರಿ ಹೋಗಿ ವಿಕೆಟ್ ಹಿಂದೆ ಬೀಳುವುದಿಲ್ಲ ಅಲ್ಲವೇ? 70 ಕಿಲೋ ತೂಕದ ಮನುಷ್ಯನಿಗೆ ಆ ಗುಂಡು ಕೊಡಬಲ್ಲ ವೇಗ ಸೆಕೆಂಡಿಗೆ 5 ಸೆಂಟಿಮೀಟರ್‌ನಷ್ಟು ಮಾತ್ರ. ಗುಂಡು ಎದುರಿನವನನ್ನು ಹಾರಿಸುವಷ್ಟು ಬಲದ್ದಾಗಿದ್ದರೆ, ನ್ಯೂಟನ್ನನ ಮೂರನೇ ನಿಯಮದ ಪ್ರಕಾರ ಹಾರಿಸಿದವನೂ ಹಿಂದಕ್ಕೆ ಹಾರಬೇಕಿತ್ತು.

ಗುಂಡು ಕೊಲ್ಲುವುದು ತಳ್ಳುವುದರಿಂದಲ್ಲ. ತನ್ನೆಲ್ಲ ಶಕ್ತಿಯನ್ನು ಬೆರಳ ತುದಿಯಷ್ಟು ಜಾಗದಲ್ಲಿ ಹಾಕಿ, ಒಳಗೆ ಹೊಕ್ಕು ಅಂಗಾಂಗಗಳನ್ನು, ರಕ್ತನಾಳಗಳನ್ನು ಹರಿಯುವುದರಿಂದ.

"ಹಾಗಿದ್ದರೆ .45 ಮೇಲೋ, 9 ಮಿ.ಮೀ. ಮೇಲೋ?" ಎಂಬ ಜಗಳಕ್ಕೆ ನೂರು ವರ್ಷ ದಾಟಿದೆ. 9 ಮಿ.ಮೀ. ಗುಂಡು ಹಗುರ, ಸುಮಾರು 8 ಗ್ರಾಂ, ಆದರೆ ವೇಗ ಹೆಚ್ಚು. ಲೆಕ್ಕ ಹಾಕಿದರೆ ಎರಡರ ಚಲನಶಕ್ತಿಯೂ 500 ಜೌಲ್‌ಗಳ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಫ್‌ಬಿಐ ನಡೆದ ಹಾದಿಯನ್ನೇ ನೋಡಿ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಅದರ ಇಬ್ಬರು ಅಧಿಕಾರಿಗಳು ಸತ್ತು, ಐವರು ಗಾಯಗೊಂಡರು. 9 ಮಿ.ಮೀ. ಸಾಲದು ಎಂದು ತೀರ್ಮಾನಿಸಿ ಸಂಸ್ಥೆ ದೊಡ್ಡ ಗುಂಡುಗಳತ್ತ ಹೊರಳಿತು. ಮೊದಲು 10 ಮಿ.ಮೀ., ಆಮೇಲೆ .40. ಅಷ್ಟರಲ್ಲಿ ಗುಂಡುಗಳ ತಂತ್ರಜ್ಞಾನ ಸುಧಾರಿಸಿತು. ಸುಮಾರು ಮೂರು ದಶಕಗಳ ನಂತರ ಅದೇ ಎಫ್‌ಬಿಐ 9 ಮಿ.ಮೀ.ಗೆ ಮರಳಿತು. ಒದೆತ ಕಡಿಮೆ, ಹೆಚ್ಚು ಗುಂಡು ಹಿಡಿಸುತ್ತದೆ, ಬಹಳಷ್ಟು ಮಂದಿ ಅದರಲ್ಲಿ ಚೆನ್ನಾಗಿ ಗುರಿ ಇಡುತ್ತಾರೆ ಎಂಬುದು ಅದರ ಕಾರಣ.

ಮಾತು 3: "ಸೇನೆ ಆರಿಸಿದ್ದೇ ಜಗತ್ತಿನ ಶ್ರೇಷ್ಠ ಪಿಸ್ತೂಲು"

ಅರ್ಧ ಸತ್ಯ. ಸೇನೆ ಕಠಿಣ ಪರೀಕ್ಷೆ ಮಾಡುತ್ತದೆ ಎಂಬುದು ನಿಜ. ಆದರೆ ಆಯ್ಕೆಯಲ್ಲಿ ಬೆಲೆ, ಬಿಡಿಭಾಗಗಳ ಪೂರೈಕೆ, ಮಿತ್ರ ದೇಶಗಳ ತೋಟಾದೊಂದಿಗೆ ಹೊಂದಾಣಿಕೆ ಎಲ್ಲವೂ ಸೇರಿರುತ್ತದೆ. 1985ರಲ್ಲಿ ಅಮೆರಿಕದ ಸೇನೆ 1911 ಅನ್ನು ಬಿಟ್ಟು ಇಟಲಿಯ ಬೆರೆಟ್ಟಾದ 9 ಮಿ.ಮೀ. ಪಿಸ್ತೂಲನ್ನು ಆರಿಸಿತು. ನ್ಯಾಟೋ ದೇಶಗಳೆಲ್ಲ 9 ಮಿ.ಮೀ. ಬಳಸುತ್ತಿದ್ದುದು ಇದಕ್ಕೆ ದೊಡ್ಡ ಕಾರಣ. 2017ರಲ್ಲಿ ಬೆರೆಟ್ಟಾ ಹೋಗಿ ಸಿಗ್ ಸಾವರ್ ಬಂತು. ಸ್ಪರ್ಧೆಯಲ್ಲಿ ಸೋತ ಗ್ಲಾಕ್ ದೂರು ಸಲ್ಲಿಸಿತು, ದೂರು ತಿರಸ್ಕೃತವಾಯಿತು. ಪ್ರತಿ ಬಾರಿಯೂ ಗೆದ್ದವರ ಅಭಿಮಾನಿಗಳು "ಸೇನೆಯೇ ಒಪ್ಪಿದೆ" ಎಂದರು, ಸೋತವರು "ಬೆಲೆ ನೋಡಿ ಕೊಂಡರು" ಎಂದರು.

ಭಾರತದಲ್ಲೂ ಇದಕ್ಕೊಂದು ಕೊಂಡಿಯಿದೆ. ನಮ್ಮ ಸೇನೆ, ಪೊಲೀಸರು ದಶಕಗಳಿಂದ ಬಳಸುತ್ತಿರುವ, ಇಷಾಪುರದಲ್ಲಿ ತಯಾರಾಗುವ 9 ಮಿ.ಮೀ. ಪಿಸ್ತೂಲು ಬ್ರೌನಿಂಗ್ ಹೈ-ಪವರ್ ಮಾದರಿಯದು. 1911 ಅನ್ನು ವಿನ್ಯಾಸ ಮಾಡಿದ ಅದೇ ಬ್ರೌನಿಂಗ್ ತನ್ನ ಕೊನೆಗಾಲದಲ್ಲಿ ಆರಂಭಿಸಿದ ವಿನ್ಯಾಸ ಅದು. ಅವನ ಮರಣದ ನಂತರ ಬೆಲ್ಜಿಯಂನಲ್ಲಿ ಪೂರ್ಣಗೊಂಡಿತು.

ಮಾತು 4: "ಗ್ಲಾಕ್‌ಗೆ ಸೇಫ್ಟಿಯೇ ಇಲ್ಲ, ತಾನಾಗಿ ಹಾರುತ್ತದೆ"

ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ತಪ್ಪಿದೆ. 1911ರಲ್ಲಿ ಹೆಬ್ಬೆರಳಿನಿಂದ ಹಾಕುವ ಸೇಫ್ಟಿ ಗುಂಡಿ ಇದೆ. ಸಾಮಾನ್ಯ ಗ್ಲಾಕ್‌ನಲ್ಲಿ ಅದಿಲ್ಲ. ಬದಲಿಗೆ ಮೂರು ಒಳಸುರಕ್ಷತೆಗಳಿವೆ. ಒಂದು ಟ್ರಿಗರ್ ಮೇಲಿನ ಪುಟ್ಟ ಪಟ್ಟಿ, ಇನ್ನೆರಡು ಒಳಗಿನ ತಡೆಗಳು. ಟ್ರಿಗರ್ ಒತ್ತದೆ, ಕೆಳಗೆ ಬಿದ್ದ ಮಾತ್ರಕ್ಕೆ ಗುಂಡು ಹಾರದಂತೆ ಇವು ನೋಡಿಕೊಳ್ಳುತ್ತವೆ.

ಆದರೆ ಟ್ರಿಗರ್ ಒತ್ತಿದರೆ, ಅದು ಬೆರಳೇ ಇರಲಿ, ಅಂಗಿಯ ಚುಂಗೇ ಇರಲಿ, ಗುಂಡು ಹಾರುತ್ತದೆ. ಸ್ವಚ್ಛಗೊಳಿಸಲು ಬಿಚ್ಚುವಾಗಲೂ ಗ್ಲಾಕ್‌ನ ಟ್ರಿಗರ್ ಒತ್ತಬೇಕು. ಒಳಗೆ ಒಂದು ಗುಂಡು ಉಳಿದಿರುವುದನ್ನು ಮರೆತವರು ಗಾಯಗೊಂಡದ್ದುಂಟು. ಅಕಸ್ಮಾತ್ತಾಗಿ ಟ್ರಿಗರ್ ಒತ್ತಿ ತನ್ನ ಕಾಲಿಗೇ ಮಾಡಿಕೊಂಡ ಗಾಯಕ್ಕೆ ಬಂದೂಕು ಮಾಲೀಕರ ನಡುವೆ ಒಂದು ತಮಾಷೆಯ ಹೆಸರೂ ಇದೆ: "ಗ್ಲಾಕ್ ಕಾಲು".

ಇಷ್ಟಕ್ಕೂ ಜನ ಬ್ರ್ಯಾಂಡಿಗೆ ಏಕೆ ಅಂಟಿಕೊಳ್ಳುತ್ತಾರೆ?

ಒಳ್ಳೆಯ ಕಂಪನಿಗಳ ಪಿಸ್ತೂಲುಗಳ ನಡುವಿನ ವ್ಯತ್ಯಾಸ ಸಾಮಾನ್ಯ ಬಳಕೆದಾರನ ಮಟ್ಟಿಗೆ ಚಿಕ್ಕದು. ಆದರೂ ಜಗಳ ದೊಡ್ಡದು. ಇದಕ್ಕೆ ಮನಶ್ಶಾಸ್ತ್ರದಲ್ಲಿ ಎರಡು ಹಳೆಯ ಉತ್ತರಗಳಿವೆ.

ಮೊದಲನೆಯದು, ಆರಿಸಿಕೊಂಡ ಮೇಲೆ ಅದೇ ಮೇಲು ಎನ್ನಿಸುವುದು. 1956ರಲ್ಲಿ ಜಾಕ್ ಬ್ರೆಮ್ ಎಂಬ ಸಂಶೋಧಕ ಮನೆಬಳಕೆಯ ಕೆಲವು ವಸ್ತುಗಳಿಗೆ ಅಂಕ ಕೊಡಿ ಎಂದು ಜನರನ್ನು ಕೇಳಿದ. ನಂತರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿ, ಮತ್ತೆ ಅಂಕ ಕೇಳಿದ. ಆರಿಸಿದ ವಸ್ತುವಿನ ಅಂಕ ಏರಿತು, ಬಿಟ್ಟದ್ದರ ಅಂಕ ಇಳಿಯಿತು. ವಸ್ತು ಬದಲಾಗಿರಲಿಲ್ಲ. ಹಣ ಕೊಟ್ಟು ಕೊಂಡ ಪಿಸ್ತೂಲಿಗೂ, ಫೋನಿಗೂ ಇದೇ ಮಾತು.

ಎರಡನೆಯದು ಗುಂಪು. ಬ್ರಿಟನ್‌ನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಾಜ್‌ಫೆಲ್ 14–15 ವರ್ಷದ ಹುಡುಗರನ್ನು ನೆಪಮಾತ್ರದ ಕಾರಣಕ್ಕೆ, ಇಬ್ಬರು ಚಿತ್ರಕಾರರಲ್ಲಿ ಯಾರು ಇಷ್ಟ ಎಂಬ ಹೆಸರಿನಲ್ಲಿ, ಎರಡು ಗುಂಪು ಮಾಡಿದ. ಹಣ ಹಂಚಲು ಹೇಳಿದಾಗ ಹುಡುಗರು ತಮ್ಮ ಗುಂಪಿನವರಿಗೇ ಹೆಚ್ಚು ಕೊಟ್ಟರು. ಅಷ್ಟೇ ಅಲ್ಲ, ತಮ್ಮವರಿಗೆ ಸ್ವಲ್ಪ ಕಡಿಮೆಯಾದರೂ ಸರಿ, ಎದುರಿನ ಗುಂಪಿಗಿಂತ ಹೆಚ್ಚಿರಬೇಕು ಎಂಬಂತೆ ಹಂಚಿದರು. 1970ರಲ್ಲಿ ಪ್ರಕಟವಾದ ಈ ಪ್ರಯೋಗ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

ನಮಗೆ ಇದು ಅರ್ಥವಾಗಲು ಅಮೆರಿಕಕ್ಕೆ ಹೋಗಬೇಕಿಲ್ಲ. ಬುಲೆಟ್ ಮತ್ತು ಜಾವಾ ಅಭಿಮಾನಿಗಳನ್ನು ಒಂದೇ ಟೀ ಅಂಗಡಿಯಲ್ಲಿ ಕೂರಿಸಿ ನೋಡಿ. ಒಬ್ಬರು ಬುಲೆಟ್‌ನ ಸದ್ದಿನ ಬಗ್ಗೆ ಹೇಳಿದರೆ, ಇನ್ನೊಬ್ಬರು ಮೈಸೂರಿನ ಕಾರ್ಖಾನೆಯಿಂದ 1996ರವರೆಗೆ ಬಂದ ಜಾವಾ, ಯೆಜ್ಡಿಗಳ ಗುಣಗಾನ ಮಾಡುತ್ತಾರೆ. ಸ್ವಾರಸ್ಯವೆಂದರೆ ಈ ಎರಡೂ ಬೈಕ್‌ಗಳ ಬೇರು ಬಂದೂಕಿನಲ್ಲೇ ಇದೆ. ರಾಯಲ್ ಎನ್‌ಫೀಲ್ಡ್ ಹೆಸರು ಬಂದದ್ದು ಇಂಗ್ಲೆಂಡಿನ ಎನ್‌ಫೀಲ್ಡ್ ಬಂದೂಕು ಕಾರ್ಖಾನೆಗೆ ಬಿಡಿಭಾಗ ಒದಗಿಸಿದ ನಂಟಿನಿಂದ. ಅದರ ಹಳೆಯ ಘೋಷಣೆಯೇ "ಬಂದೂಕಿನಂತೆ ತಯಾರಾದದ್ದು" ಎಂಬರ್ಥದ್ದು. ಜಾವಾ ಕಂಪನಿ ಕಟ್ಟಿದ ಫ್ರಾಂಟಿಶೆಕ್ ಯಾನೆಚೆಕ್ ಅದಕ್ಕೂ ಮೊದಲು ನಡೆಸುತ್ತಿದ್ದದ್ದು ಶಸ್ತ್ರಾಸ್ತ್ರ ಕಾರ್ಖಾನೆ.

ತಮಾಷೆಯ ನಡುವೆ ಮರೆಯಾಗುವ ವಿಷಯ

ಬೈಕಿನ ಜಗಳಕ್ಕೂ ಪಿಸ್ತೂಲಿನ ಜಗಳಕ್ಕೂ ಒಂದು ವ್ಯತ್ಯಾಸವಿದೆ. ಯಾವ ಬ್ರ್ಯಾಂಡ್, ಯಾವ ಅಳತೆ ಎಂದು ಗಂಟೆಗಟ್ಟಲೆ ಮಾತಾಡುವಾಗ, ಆ ಪಿಸ್ತೂಲು ಮನೆಯಲ್ಲಿ ಎಲ್ಲಿದೆ, ಬೀಗ ಹಾಕಿದೆಯೇ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಜೀವ ಉಳಿಸುವ ಪ್ರಶ್ನೆ ಅದೇ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪ್ರಕಾರ 2021ರಲ್ಲಿ ಅಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಸುದ್ದಿಯಲ್ಲಿ ಕಾಣುವುದು ಸಾಮೂಹಿಕ ಹತ್ಯೆಗಳು. ಆದರೆ ಈ ಸಾವುಗಳಲ್ಲಿ 26,328, ಅಂದರೆ ಅರ್ಧಕ್ಕಿಂತ ಹೆಚ್ಚು, ಆತ್ಮಹತ್ಯೆಗಳು. ಆತ್ಮಹತ್ಯೆಯ ಯೋಚನೆ ಎಷ್ಟೋ ಸಲ ಕೆಲವು ನಿಮಿಷ, ಕೆಲವು ಗಂಟೆಗಳ ತೀವ್ರ ಸಂಕಟದಲ್ಲಿ ಬಂದು ಹೋಗುವಂಥದ್ದು. ಆ ಹೊತ್ತಿನಲ್ಲಿ ಆಯುಧ ಕೈಗೆ ಸಿಗದಿದ್ದರೆ ಬದುಕುವ ಅವಕಾಶ ಹೆಚ್ಚು. ಆದ್ದರಿಂದಲೇ ಬಂದೂಕನ್ನು ಖಾಲಿ ಮಾಡಿ ಬೀಗ ಹಾಕಿಡಿ, ಗುಂಡುಗಳನ್ನು ಬೇರೆ ಕಡೆ ಬೀಗ ಹಾಕಿಡಿ ಎಂದು ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಇದು ಬಂದೂಕು ಬೇಕೋ ಬೇಡವೋ ಎಂಬ ರಾಜಕೀಯದ ಮಾತಲ್ಲ. ಅನುಭವಿ ಬಂದೂಕು ಮಾಲೀಕರೂ ಒಪ್ಪುವ ಮಾತು.

ನಮಗೂ ಇದಕ್ಕೂ ಏನು ಸಂಬಂಧ?

ಭಾರತದಲ್ಲಿ ಬಂದೂಕು ಇಟ್ಟುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. 9 ಮಿ.ಮೀ. ಪಿಸ್ತೂಲು ನಿಷೇಧಿತ ವರ್ಗದಲ್ಲಿದೆ. ಅಂಗಡಿಗೆ ಹೋಗಿ ಸಾಮಾನ್ಯ ಪರವಾನಗಿಯಲ್ಲಿ ಗ್ಲಾಕ್ 17 ಕೊಳ್ಳಬಹುದು ಎಂಬ ಫಾರ್ವರ್ಡ್ ಬಂದರೆ ನಂಬಬೇಡಿ.

ಕೊಡಗಿನಲ್ಲಿ ಮಾತ್ರ ಬೇರೆ ಪರಂಪರೆಯಿದೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಇಟ್ಟು ಪೂಜಿಸುತ್ತಾರೆ. ಅಲ್ಲಿ ಕೋವಿ ಯಾವ ಕಂಪನಿಯದು ಎಂಬುದಕ್ಕಿಂತ ಯಾವ ಮನೆತನದ್ದು ಎಂಬುದು ಮುಖ್ಯ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. ನಿಮ್ಮ ಮಗು ಸ್ನೇಹಿತರ ಮನೆಗೆ ಆಡಲು ಹೋಗುವ ಮುನ್ನ, "ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ? ಬೀಗ ಹಾಕಿದೆಯೇ?" ಎಂದು ಕೇಳಿ ಎಂದು ಅಲ್ಲಿನ ಮಕ್ಕಳ ವೈದ್ಯರು ಸಲಹೆ ಕೊಡುತ್ತಾರೆ. ಕೇಳಲು ಸಂಕೋಚವಾಗುತ್ತದೆ, ನಿಜ. ಆಹಾರದ ಅಲರ್ಜಿಯ ಬಗ್ಗೆ, ನಾಯಿಯ ಬಗ್ಗೆ ಕೇಳುವಾಗಲೇ ಇದನ್ನೂ ಸೇರಿಸಿ ಕೇಳಿದರೆ ಸುಲಭ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋಗುವ ಅಜ್ಜ-ಅಜ್ಜಿಯರಿಗೂ ಇದನ್ನು ತಿಳಿಸಿ.

ಮುಂದಿನ ಸಲ "ಸ್ಕ್ಯಾನರ್‌ಗೆ ಸಿಗದ ಪಿಸ್ತೂಲು" ಗುಂಪಿಗೆ ಬಂದಾಗ, ಕಳುಹಿಸಿದವರನ್ನು ಗೇಲಿ ಮಾಡಬೇಡಿ. ನಳಿಗೆ ಉಕ್ಕಿನದು, ಪಿಂಗಾಣಿ ಕಥೆ 1990ರ ಸಿನಿಮಾದ್ದು ಎಂದು ಎರಡು ಸಾಲು ಬರೆಯಿರಿ. ನಾನು ನಮ್ಮ ಗುಂಪಿನಲ್ಲಿ ಹಾಗೆಯೇ ಮಾಡಿದೆ. ಅಮೆರಿಕದ ಆ ಸಂಬಂಧಿ ಮಾತ್ರ ಇನ್ನೂ 1911ರ ಪಕ್ಷವೇ. ಅವರ ಮಗಳು ಪಕ್ಕದ ಮನೆಗೆ ಆಡಲು ಹೋಗುವ ಮುನ್ನ ಬೀಗದ ಬಗ್ಗೆ ಕೇಳುವುದನ್ನು ಈಗ ಶುರು ಮಾಡಿದ್ದಾರೆ.

ನಿಮಗಾಗಲಿ, ನಿಮ್ಮ ಆಪ್ತರಿಗಾಗಲಿ ಬದುಕು ಬೇಡವೆನ್ನಿಸುವಷ್ಟು ಸಂಕಟವಿದ್ದರೆ ಭಾರತದಲ್ಲಿ ಟೆಲಿ-ಮಾನಸ್ 14416ಕ್ಕೆ, ಅಮೆರಿಕದಲ್ಲಿ 988ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.